ಯಾರ ಕಡಿಯಿಂದ ಬಂತು?

(ಅಕ್ಕ ಕಲಬುರಗಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವಾಕೆ. ತಮ್ಮ ಕಮಲಾಪುರದಲ್ಲಿ ಬಾಳೆ, ತೊಗರಿ ಬೆಳೆಯುವವನು. ಮಾತು ನಡೆದದ್ದು ಅಕ್ಕನ ಮನೆಯಲ್ಲಿ.)

ತಮ್ಮ: ಅಕ್ಕಾ, ಸುತ್ತಿ ಬಳಸಿ ಕೇಳಲ್ಲ. ಕೂಸಿಗಿ ಇದು ಯಾರ ಕಡಿಯಿಂದ ಬಂತು? ನಮ್ಮ ಕಡಿಯಿಂದನೋ, ಆಕಿ ಕಡಿಯಿಂದನೋ?

ಅಕ್ಕ: ಇದು ನಿನ್ನ ಪ್ರಶ್ನೆನೋ, ಅವ್ವನ ಪ್ರಶ್ನೆನೋ?

ತಮ್ಮ: ಅವ್ವ ಪ್ರಶ್ನೆ ಎಲ್ಲಿ ಕೇಳ್ತಾಳ, ತೀರ್ಪೇ ಕೊಟ್ಟಾಳ. ನಮ್ಮ ಮನಿತನದಾಗ ಹಿಂಥಾದ್ದು ಒಂದೂ ಇದ್ದಿಲ್ಲ, ಸೊಸಿ ರಕ್ತದಾಗೇ ಏನೋ ಅದ ಅಂತಾಳ.

ಅಕ್ಕ: ಸೊಸಿ ಅಂದ್ರ ಯಾರಪ್ಪ? ಅವ್ವನ ಒಡಹುಟ್ಟಿದ ತಮ್ಮನ ಮಗಳು. ಆಕಿ ರಕ್ತ ಬ್ಯಾರೆ, ಅವ್ವನ ರಕ್ತ ಬ್ಯಾರೆ ಏನು?

ತಮ್ಮ: ಅದನ್ನ ಮನ್ಯಾಗ ಅಂದ್ರ ನಾ ಹೆಂಡ್ತಿ ಸೆರಗು ಹಿಡದಾಂವ ಆಗ್ತೀನಿ. ಇಲ್ಲಿಯ ಮಕ್ಕಳ ಡಾಕ್ಟರು ಆಟಿಸಂ ಅಂದಾರ. ಹೆಸರು ಹಿಡಿದು ಕರೆದ್ರ ಹೊರಳಿ ನೋಡಲ್ಲ. ಆಟಿಗಿ ಗಾಡಿ ಕೊಟ್ರ ಓಡಿಸಲ್ಲ, ಗಾಲಿ ತಿರುವಿಕೋತ ಕೂಡ್ತಾನ. ಬಂದ ನಾಕು ಮಾತೂ ನಿಂತುಹೋದವು. ಮೊನ್ನೆ ಫಿಟ್ಸ್ ಬ್ಯಾರೆ ಬಂತು. ಜೆನೆಟಿಕ್ ಟೆಸ್ಟ್ ಮಾಡಿಸ್ರಿ ಅಂತ ಚೀಟಿ ಬರದುಕೊಟ್ಟಾರ. ಸಣ್ಣ ರೊಕ್ಕ ಅಲ್ಲ ಅದು. ಮಾಡಿಸಿದ್ರ ಯಾರ ಕಡಿ ಅನ್ನೋದು ತಿಳೀತದಲ್ಲ?

ಅಕ್ಕ: ಅದನ್ನ ತಿಳಿಲಿಕ್ಕೇ ಮಾಡಿಸೋದಿದ್ರ ಬ್ಯಾಡ, ರೊಕ್ಕ ಉಳಿಸಿಕೋ. ಆ ಟೆಸ್ಟಿನಿಂದ ಆಗೋ ಕೆಲಸ ಬ್ಯಾರೆ ಅವ. ಮೊದಲ ಅವ್ವನ ಮಾತು ಮುಗಿಸೋಣ. ನಮ್ಮ ಮನಿತನದಾಗ ಯಾರೂ ಇದ್ದಿಲ್ಲ ಅಂತಾಳಲ್ಲ, ದೊಡ್ಡಪ್ಪನ ಮಗ ಒಬ್ಬಾಂವ ಇದ್ದ. ಯಾರ ಕೂಡನೂ ಮಾತಾಡ್ತಿದ್ದಿಲ್ಲ, ಬಾವಿ ಕಟ್ಟಿ ಮ್ಯಾಲ ದಿನಾ ಅದೇ ಜಾಗಕ್ಕ ಕೂಡ್ತಿದ್ದ. ಊರವರು ಅವನಿಗಿ ಏನಂತಿದ್ರು?

ತಮ್ಮ: ಮೂಗ ಅಂತಿದ್ರು. ಕೆಲವರು ದೇವರ ಮನಿಶಾ ಅಂತಿದ್ರು.

ಅಕ್ಕ: ಅಷ್ಟೇ. ಹೆಸರು ಇಡೋರು ಇದ್ದಿಲ್ಲ, ಮಕ್ಕಳು ಇದ್ದವು. 2018ರಾಗ ನಮ್ಮ ದೇಶದ ಐದು ಕಡಿಯ ಮಕ್ಕಳನ್ನ ನೋಡಿದ ಒಂದು ದೊಡ್ಡ ಅಧ್ಯಯನ ಬಂತು. ಹೈದರಾಬಾದೂ ಅದರಾಗ ಇತ್ತು. ಎರಡರಿಂದ ಒಂಬತ್ತು ವರ್ಷದ ಮಕ್ಕಳಾಗ ಸುಮಾರು ನೂರಕ್ಕ ಒಬ್ಬರಿಗಿ ಆಟಿಸಂ ಕಂಡಿತು. ಅಂದ್ರ ಕಮಲಾಪುರದಂಥ ಊರಾಗೂ ನಿನ್ನ ಮಗ ಒಬ್ಬನೇ ಇರಲಿಕ್ಕ ಸಾಧ್ಯ ಇಲ್ಲ.

ತಮ್ಮ: ಆದ್ರ ಬೈಗುಳ ತಿನ್ನಾಕಿ ಆಕಿ ಒಬ್ಬಾಕಿ.

ಅಕ್ಕ: ತಾಯಿ ತಲಿಗಿ ಕಟ್ಟೋದು ಅವ್ವ ಒಬ್ಬಾಕಿ ಕಲಿಸಿದ್ದಲ್ಲಪ್ಪ, ಭಾರಿ ಓದಿದ ಡಾಕ್ಟರೂ ಇದನ್ನೇ ಮಾಡ್ಯಾರ. 1943ರಾಗ ಅಮೆರಿಕದ ಬಾಲ್ಟಿಮೋರಿನಾಗ ಲಿಯೋ ಕ್ಯಾನರ್ ಅನ್ನೋ ಮಕ್ಕಳ ಮನೋವೈದ್ಯ 11 ಮಕ್ಕಳ ಬಗ್ಗೆ ಒಂದು ಲೇಖನ ಬರದ. ಆಟಿಸಂ ಅನ್ನೋದರ ಸ್ಪಷ್ಟ ಚಿತ್ರ ವೈದ್ಯಲೋಕಕ್ಕ ಸಿಕ್ಕಿದ್ದು ಅದರಿಂದ. ಈ ಸ್ವಭಾವ ಹುಟ್ಟಿನಿಂದಲೇ ಬಂದದ್ದು ಅಂತನೂ ಅದರಾಗ ಬರದಾನ, ಈ ಮಕ್ಕಳ ತಂದಿ-ತಾಯಿಯೊಳಗ ಮಮತೆ ತೋರಿಸೋರು ಕಡಿಮಿ ಅಂತನೂ ಬರದಾನ. ಮಂದಿ ಹಿಡಕೊಂಡಿದ್ದು ಎರಡನೇ ಮಾತು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಾಗ ಅದನ್ನೇ ಪುಸ್ತಕ ಮಾಡಿದ. ತಾಯಿ ಮನಸ್ಸು ತಣ್ಣಗಿದ್ರ ಕೂಸು ಒಳಗೇ ಮುದುಡಿಕೊಳ್ತದ ಅನ್ನೋ ನಂಬಿಕಿ ವರ್ಷಗಟ್ಟಲೆ ನಡೀತು. ಎಷ್ಟು ತಾಯಂದಿರು ಆ ಪಾಪ ಹೊತ್ತು ತಿರುಗ್ಯಾರೋ ಲೆಕ್ಕ ಇಟ್ಟೋರಿಲ್ಲ.

ತಮ್ಮ: ಅದು ಸುಳ್ಳಂತ ಹೆಂಗ ತಿಳೀತು?

ಅಕ್ಕ: ಅವಳಿ ಮಕ್ಕಳಿಂದ. 1977ರಾಗ ಲಂಡನ್ನಿನಾಗ ಸುಸಾನ್ ಫೋಲ್‌ಸ್ಟೈನ್, ಮೈಕಲ್ ರಟರ್ ಇಬ್ಬರೂ 21 ಜೋಡಿ ಅವಳಿಗಳನ್ನ ನೋಡಿದ್ರು. ಎಲ್ಲಾ ಜೋಡಿಯೊಳಗೂ ಕಮ್ಮಿ ಅಂದ್ರ ಒಬ್ಬರಿಗಿ ಆಟಿಸಂ ಇತ್ತು. 10 ಜೋಡಿ ಎರಡು ಬ್ಯಾರೆ ಬ್ಯಾರೆ ಅಂಡದಿಂದ ಹುಟ್ಟಿದ್ದವು. ಅದರಾಗ ಒಂದು ಜೋಡಿಯೊಳಗೂ ಇಬ್ಬರಿಗೂ ಇದ್ದಿಲ್ಲ. 11 ಜೋಡಿ ಒಂದೇ ಅಂಡ ಎರಡಾಗಿ ಹುಟ್ಟಿದ್ದವು, ಅಂದ್ರ ಜೀನುಗಳೆಲ್ಲಾ ಒಂದೇ. ಅದರಾಗ 4 ಜೋಡಿಯೊಳಗ ಇಬ್ಬರಿಗೂ ಇತ್ತು. ಮನಿ ಅದೇ, ತಾಯಿ ಅದೇ. ಫರಕು ಬಂದದ್ದು ಜೀನಿನಿಂದ.

ತಮ್ಮ: ತಡಿ ತಡಿ. ಜೀನು ಅಷ್ಟೂ ಒಂದೇ ಇದ್ದ ಮ್ಯಾಲ ಹನ್ನೊಂದರಾಗ ನಾಕೇ ಯಾಕ? ಹನ್ನೊಂದೂ ಬರಬೇಕಿತ್ತಲ್ಲ?

ಅಕ್ಕ: ಛಲೋ ಕೇಳಿದಿ. ಪೂರ್ತಿ ಆಟಿಸಂ ಅಷ್ಟೇ ಅಲ್ಲದೆ ಮಾತಿನ, ಕಲಿಕೆಯ ತೊಂದರೆಗಳನ್ನೂ ಲೆಕ್ಕಕ್ಕ ಹಿಡಿದ್ರ 11ರಾಗ 9 ಜೋಡಿ ಆಗ್ತಾವ. ಅಂದ್ರ ಜೀನಿನ ಕೈ ದೊಡ್ಡದದ, ಆದ್ರ ಎಲ್ಲಾ ಅದೇ ಬರಿಯಲ್ಲ. ಅದೇ ಜೀನು ಒಬ್ಬನಿಗಿ ಹೆಚ್ಚು, ಇನ್ನೊಬ್ಬನಿಗಿ ಕಡಿಮಿ ತೋರಿಸಬಹುದು. ಮುಂದ 2019ರಾಗ ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ದಾಖಲಿ ನೋಡಿ, ಜನರ ನಡುವೆ ಆಟಿಸಂ ವಿಷಯದಾಗ ಕಾಣೋ ವ್ಯತ್ಯಾಸದಾಗ ಸುಮಾರು ಶೇಕಡಾ 80 ಪಾಲು ವಂಶವಾಹಿಗಳದು ಅಂತ ಲೆಕ್ಕ ಹಾಕಿದ್ರು.

ತಮ್ಮ: ಅಂದ್ರ ನೂರರಾಗ 80 ಮಕ್ಕಳಿಗಿ ತಂದಿ-ತಾಯಿಂದನೇ ಬಂತು ಅಂದಂಗಾತು.

ಅಕ್ಕ: ಅಲ್ಲ. ಆ ಲೆಕ್ಕ ಇಡೀ ಜನರದು, ಒಂದು ಮನಿದಲ್ಲ. ನಿನ್ನ ಮಗನಿಗಿ ಯಾಕ ಬಂತು ಅಂತ ಅದು ಹೇಳಲ್ಲ. ಇನ್ನೊಂದು ಮಾತು ನೆಪ್ಪಿಟ್ಟುಕೋ. ಆಟಿಸಂ ಜೀನ್ ಅಂತ ಒಂದು ಇಲ್ಲ. 2020ರಾಗ ಬಂದ ಒಂದು ಅಧ್ಯಯನ 35 ಸಾವಿರಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿ 102 ಜೀನುಗಳ ಪಟ್ಟಿ ಮಾಡಿತು. ಎರಡು ವರ್ಷ ಬಿಟ್ಟು ಇನ್ನೂ ದೊಡ್ಡ ಲೆಕ್ಕದಾಗ ಆ ಪಟ್ಟಿ 185ಕ್ಕ ಹೋಯಿತು. ಒಂದೊಂದು ಜೀನೂ ನೂರರಾಗ ಒಂದು ಕೂಸಿಗಿ ಸಿಗೋದೂ ಕಷ್ಟ. ಭಾಳ ಮಕ್ಕಳಾಗ ಒಂದು ದೊಡ್ಡ ಕಾರಣನೇ ಇರಲ್ಲ. ನನ್ನಾಗ, ನಿನ್ನಾಗ, ಎಲ್ಲರಾಗೂ ಇರೋ ನೂರಾರು ಸಣ್ಣ ಸಣ್ಣ ವ್ಯತ್ಯಾಸ ಒಂದು ಕಡಿ ಕೂಡಿರ್ತಾವ. ಅದರಾಗ ಯಾರ ಕಡಿ ಅಂತ ಬೆರಳು ಮಾಡಿ ತೋರಿಸ್ತಿ?

ತಮ್ಮ: ದೊಡ್ಡ ಕಾರಣ ಇರೋ ಮಕ್ಕಳಾಗ ತೋರಿಸಬಹುದಲ್ಲ?

ಅಕ್ಕ: ಅಲ್ಲೇ ಅದ ಮಜಾ. ನಿನ್ನ ತೋಟದಾಗ ಕೆಂಪು ಬಾಳಿ ಅದಲ್ಲ, ಅದನ್ನ ಬೀಜ ಬಿತ್ತಿ ಬೆಳೀತಿಯೇನು?

ತಮ್ಮ: ಬಾಳಿಗಿ ಎಲ್ಲಿ ಬೀಜ? ಕಂದು ಕಿತ್ತಿ ಹಚ್ಚೋದು. ತಾಯಿ ಗಿಡ ಹೆಂಗೋ ಕಂದು ಹಂಗ. ನಮ್ಮ ಕಮಲಾಪುರದ ಕೆಂಪು ಬಾಳಿಗಿ ಜಿಐ ಟ್ಯಾಗೂ ಸಿಕ್ಕದ. ಹದಿನೆಂಟು ತಿಂಗಳು ಕಾದ್ರ ಗೊನಿ ಕೈಗಿ ಬರ್ತದ.

ಅಕ್ಕ: ಹಂಗಿದ್ರೂ ಕೆಂಪು ಬಾಳಿ ತಳಿಯಾಗ ಒಮ್ಮೊಮ್ಮೆ ಒಂದು ಗಿಡ ಹಸಿರು ಗೊನಿ ಹಾಕ್ತದ. ಕೆಂಪು ಬಾಳಿ ಬೆಳೆಯೋ ಕಡಿ ಎಲ್ಲಾ ಇದನ್ನ ಕಂಡಾರ.

ತಮ್ಮ: ಹೌದು, ನಮ್ಮ ಅಪ್ಪ ಹಂಥಾ ಗಿಡ ಕಂಡ್ರ ಅದರ ಕಂದು ಹಚ್ಚತಿದ್ದಿಲ್ಲ.

ಅಕ್ಕ: ತಾಯಿ ಗಿಡ ಕೆಂಪೇ ಇತ್ತು. ನೀರು, ಗೊಬ್ಬರ, ಮಣ್ಣು ಎಲ್ಲಾ ಅದೇ. ಬೆಳೆಯೋ ಮೊಗ್ಗಿನ ಒಂದು ಕೋಶ ಒಡೆದು ಎರಡಾಗುವಾಗ ಡಿಎನ್‌ಎ ನಕಲಿನಾಗ ಒಂದು ಬದಲಾವಣೆ ಆಯಿತು. ಅದರಿಂದ ಬೆಳದ ಗಿಡ ಹಸಿರಾತು. ಅಪ್ಪನ ತಪ್ಪೂ ಇಲ್ಲ, ತಾಯಿ ಗಿಡದ ತಪ್ಪೂ ಇಲ್ಲ. ಮನಿಶ್ಯಾರಿಗೂ ಹಂಗೇ ಆಗ್ತದ. ತಂದಿ-ತಾಯಿ ಇಬ್ಬರ ರಕ್ತದಾಗೂ ಇಲ್ಲದ ಬದಲಾವಣೆ, ಅಂಡದಾಗೋ ವೀರ್ಯದಾಗೋ ಹೊಸದಾಗಿ ಹುಟ್ಟಿ ಕೂಸಿಗಿ ಬರ್ತದ. ನೀನು, ನಾನು, ಭೂಮಿ ಮ್ಯಾಲ ಹುಟ್ಟಿದ ಪ್ರತಿ ಕೂಸೂ ಹಿಂಥಾ ಅರವತ್ತು-ಎಪ್ಪತ್ತು ಹೊಸ ಬದಲಾವಣೆ ಹೊತ್ತುಕೊಂಡೇ ಬಂದದ. ಮುನ್ನೂರು ಕೋಟಿ ಜಾಗದಾಗ ಎಲ್ಲೋ ಬೀಳ್ತಾವ, ಭಾಳಷ್ಟು ಏನೂ ಮಾಡಲ್ಲ. ಅಪರೂಪಕ್ಕ ಒಂದು, ಮಿದುಳು ಬೆಳೆಸೋ ಮುಖ್ಯ ಜೀನಿನ ನಟ್ಟನಡುವೆ ಬೀಳ್ತದ. ಹಿಂಥಾ ಹೊಸ ಬದಲಾವಣೆಗೂ ಆಟಿಸಂಗೂ ಸಂಬಂಧ ಅದ ಅಂತ 2007ರಾಗ ಮೊದಲ ಗಟ್ಟಿಯಾಗಿ ತೋರಿಸಿದ್ರು. 2012ರಾಗ ಮೂರು ತಂಡದವರು ಒಂದೇ ಹೊತ್ತಿಗಿ ಅದೇ ಮಾತು ಹೇಳಿ, ಎಸ್‌ಸಿಎನ್2ಎ, ಸಿಎಚ್‌ಡಿ8 ಅನ್ನೋ ಜೀನುಗಳನ್ನ ಹೆಸರು ಹಿಡಿದು ತೋರಿಸಿದ್ರು.

ತಮ್ಮ: ಹೊಸದು ಅಂದ್ರ ಯಾರದೂ ಅಲ್ಲ ಅಂದಂಗ. ಇದನ್ನ ಅವ್ವಗ ಹೇಳಬಹುದು.

ಅಕ್ಕ: ಹೇಳೋಕಿಂತ ಮುಂಚೆ ಇದನ್ನೂ ಕೇಳು. ಅದೇ 2012ರಾಗ ಐಸ್‌ಲ್ಯಾಂಡಿನವರು ಎಣಿಸಿ ನೋಡಿದ್ರು. 20 ವರ್ಷದ ತಂದಿಯಿಂದ ಕೂಸಿಗಿ ಹೋಗೋ ಹೊಸ ಬದಲಾವಣೆ ಸುಮಾರು 25. 40 ವರ್ಷದ ತಂದಿಯಿಂದ ಸುಮಾರು 65. ವರ್ಷಕ್ಕ ಎರಡರಂಗ ಏರ್ತದ. ಹೆಣ್ಣಿನ ಅಂಡ ಆಕಿ ತಾಯಿ ಹೊಟ್ಟಿಯಾಗ ಇರುವಾಗಲೇ ತಯಾರಾಗಿರ್ತಾವ. ಗಂಡಿನ ವೀರ್ಯ ಜೀವನಪೂರ್ತಿ ಹೊಸದಾಗಿ ಆಗ್ತದ. ನಕಲು ಹೆಚ್ಚಾದಷ್ಟೂ ಬದಲಾವಣೆ ಹೆಚ್ಚು.

ತಮ್ಮ: ಅಂದ್ರ ಈಗ ನನ್ನ ತಲಿಗಿ ಬಂತು. ರೈತನಿಗಿ ಯಾರೂ ಹೆಣ್ಣು ಕೊಡಲಿಲ್ಲಂತ ನನ್ನ ಮದುವಿ ತಡ ಆತು. ಕಡಿಗಿ ಸೋದರಮಾವನೇ ಮಗಳನ್ನ ಕೊಟ್ಟ. ಅದನ್ನೂ ಈಗ ತಪ್ಪಿನ ಪಟ್ಟಿಯಾಗ ಹಾಕು.

ಅಕ್ಕ: ಹಾಕಲ್ಲ. 40 ವರ್ಷದ ತಂದಿಗಿ ಹುಟ್ಟಿದ ಮಕ್ಕಳಾಗೂ ಭಾಳ ದೊಡ್ಡ ಪಾಲಿಗಿ ಆಟಿಸಂ ಇರಲ್ಲ. ನಾ ಇದನ್ನ ಹೇಳಿದ್ದು ಯಾಕಂದ್ರ, ಹೊಸ ಬದಲಾವಣೆಗಳ ಲೆಕ್ಕ ತಗದ್ರ ಅವು ಹೆಚ್ಚಾಗಿ ಬರೋದು ತಂದಿಯ ಕಡಿಯಿಂದ, ಆದ್ರ ಬೈಗುಳ ಮಾತ್ರ ಶತಮಾನದಿಂದ ತಾಯಿಗೇ ಹೋಗ್ಯಾವ. ಅದು ತಿಳಿದ್ರ ಸಾಕು. ತಂದಿಗಿ ಬೈರಿ ಅಂತ ಅಲ್ಲ.

ತಮ್ಮ: ಮತ್ತ ತಾಯಿ ಕಡಿಯಿಂದ ಬರೋದು ಒಂದೂ ಇಲ್ಲೇನು? ನನ್ನ ಸಮಾಧಾನಕ್ಕ ಹೇಳಬ್ಯಾಡ.

ಅಕ್ಕ: ಅದ. ಫ್ರಾಜೈಲ್ ಎಕ್ಸ್ ಅಂತ ಒಂದು. ಎಕ್ಸ್ ವರ್ಣತಂತುವಿನ ಎಫ್‌ಎಂಆರ್1 ಜೀನಿನಾಗ ಸಿಜಿಜಿ ಅನ್ನೋ ಮೂರು ಅಕ್ಷರ ಮತ್ತ ಮತ್ತ ಬರ್ತದ. ಅದು 200 ಸಲ ದಾಟಿದ್ರ ಜೀನು ಕೆಲಸ ನಿಲ್ಲಿಸ್ತದ. ಗಂಡು ಕೂಸಿಗಿ ಎಕ್ಸ್ ಸಿಗೋದು ತಾಯಿಂದ ಮಾತ್ರ. ಆದ್ರ ತಾಯಿಗಿ ಅದು ಎಲ್ಲಿಂದ ಬಂತು? ಆಕಿ ಅಪ್ಪನಿಂದ ಬಂದಿದ್ರ, ಅಂದ್ರ ನಮ್ಮ ಮಾಮನಿಂದ, ಮಾಮನಿಗಿ ಬಂದದ್ದು ನಮ್ಮ ಅಜ್ಜಿಯಿಂದ. ಅದೇ ಅಜ್ಜಿಯ ಒಂದು ಎಕ್ಸ್ ನಮ್ಮ ಅವ್ವನ ಹತ್ರನೂ ಅದ, ನನ್ನ ನಿನ್ನ ಹತ್ರನೂ ಅದರ ಪಾಲು ಇರಬಹುದು. ಸೊಸಿ ಕಡಿ ಅಂತ ಹುಡುಕ್ಕೋತ ಹೋದ್ರ ಅವ್ವ ತನ್ನ ತವರುಮನಿ ಬಾಗಲಿಗೇ ಬಂದು ನಿಲ್ತಾಳ.

ತಮ್ಮ: ಹ್ಞಾಂ, ಇದು ಆಕಿಗಿ ಮುಟ್ಟೋ ಮಾತು.

ಅಕ್ಕ: ಇನ್ನೊಂದು ಉಪಯೋಗದ ಮಾತು. ಈಗ ಎಲ್ಲರೂ ಹೇಳೋ ಎಕ್ಸೋಮ್ ಟೆಸ್ಟಿನಾಗ, ಅಂದ್ರ ಜೀನುಗಳ ಪ್ರೋಟೀನ್ ಮಾಡೋ ಭಾಗ ಅಷ್ಟೇ ಓದೋ ಟೆಸ್ಟಿನಾಗ, ಫ್ರಾಜೈಲ್ ಎಕ್ಸ್ ಸಾಮಾನ್ಯವಾಗಿ ಸಿಗಲ್ಲ. ಅದಕ್ಕ ಬ್ಯಾರೆನೇ ಟೆಸ್ಟ್ ಅದ, ಖರ್ಚೂ ಕಡಿಮಿ. ಡಾಕ್ಟರಿಗಿ ಅದನ್ನ ಕೇಳು. ಮರೀಬ್ಯಾಡ.

ತಮ್ಮ: ಈ ಜೀನು ಮಿದುಳಿನಾಗ ಮಾಡೋ ಕೆಲಸ ಏನು?

ಅಕ್ಕ: ಪಟ್ಟಿಯಾಗಿನ ಜೀನುಗಳು ಹೆಚ್ಚಾಗಿ ಎರಡು ಕೆಲಸದವು. ಕೆಲವು, ಬ್ಯಾರೆ ಜೀನುಗಳು ಯಾವಾಗ ಕೆಲಸ ಮಾಡಬೇಕು ಯಾವಾಗ ಸುಮ್ಮನಿರಬೇಕು ಅಂತ ನಡೆಸ್ತಾವ. ಸಿಎಚ್‌ಡಿ8 ಹಂಥಾದ್ದು. ಉಳಿದವು, ಒಂದು ನರಕೋಶ ಇನ್ನೊಂದಕ್ಕ ಕೂಡೋ ಜಾಗದಾಗ, ಸಿನಾಪ್ಸ್‌ನಾಗ ದುಡೀತಾವ. ಸಿಂಗ್ಯಾಪ್1 ಅಂತ ಒಂದು ಜೀನು ಅದ. ಅದು ಕೆಟ್ಟ ಮಕ್ಕಳಿಗಿ ಬುದ್ಧಿ ಬೆಳವಣಿಗೆ ನಿಧಾನ, ಫಿಟ್ಸ್, ಎಷ್ಟೋ ಮಕ್ಕಳಿಗಿ ಆಟಿಸಂ ಕೂಡ. ಹೆಚ್ಚಿನವರಿಗಿ ಅದು ಹೊಸದಾಗಿ ಹುಟ್ಟಿದ ಬದಲಾವಣೆನೇ. ಅದರ ಮ್ಯಾಲ ಕೆಲಸ ನಡೆದದ್ದು ದೂರ ದೇಶದಾಗ ಅಷ್ಟೇ ಅಲ್ಲ. ಬೆಂಗಳೂರಿನ ಜಕ್ಕೂರಿನಾಗ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಅದಲ್ಲ, ಅಲ್ಲಿ ಜೇಮ್ಸ್ ಕ್ಲೆಮೆಂಟ್ ಅವರ ತಂಡ ಇದನ್ನೇ ನೋಡ್ತದ. ಅವರು ಅಮೆರಿಕದಾಗ ಇದ್ದಾಗ 2012ರಾಗ ಇಲಿಗಳ ಮ್ಯಾಲ ಮಾಡಿದ ಕೆಲಸ ಹೆಸರಾತು. ಈ ಜೀನಿನ ಎರಡು ಪ್ರತಿಯಾಗ ಒಂದು ಕೆಟ್ಟ ಮರಿಗಳಾಗ, ನರಕೋಶಗಳು ಕೂಡೋ ಜಾಗ ಹೊತ್ತಿಗಿ ಮುಂಚೆನೇ ಬಲಿತುಬಿಡ್ತಾವ. ಎಳೇದಾಗಿದ್ದು ಕಲೀಬೇಕಾದ ದಿನ ಅಷ್ಟು ಕಡಿಮಿ ಆಗ್ತಾವ.

ತಮ್ಮ: ಇಲಿಗಳಾಗ ಸರಿ ಮಾಡ್ಯಾರೇನು?

ಅಕ್ಕ: ದೊಡ್ಡದಾದ ಮ್ಯಾಲ ಜೀನು ಸರಿ ಮಾಡಿದ್ರೂ ಆ ಇಲಿಗಳ ನಡವಳಿಕೆ ಸುಧಾರಿಸಲಿಲ್ಲ. ಇಲಿ ಲೆಕ್ಕ ನೇರ ಮಕ್ಕಳಿಗಿ ಹಚ್ಚಬಾರದು. ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಸಂಶೋಧನಾ ಸಂಸ್ಥೆಯಾಗ ಸುಮಂತ್ರ ಚಟರ್ಜಿ ಅವರ ತಂಡ ಫ್ರಾಜೈಲ್ ಎಕ್ಸ್ ಮ್ಯಾಲ ವರ್ಷಗಟ್ಟಲೆ ದುಡದದ. ಎಲ್ಲಾ ಕಡಿ ಕೆಲಸ ನಡೀತದ. ಆದ್ರ ಆಟಿಸಂ ಹೋಗಿಸ್ತೀವಿ ಅಂತ ಜೀನ್ ಔಷಧ ಹಿಡಕೊಂಡು ಈಗ ಯಾರಾದ್ರೂ ನಿನ್ನ ಮನಿಗಿ ಬಂದ್ರ, ಚಾ ಕುಡಿಸಿ ಕಳಿಸು.

ತಮ್ಮ: ಆಗಲೇ ಬಂದಾರ. ಸ್ಟೆಮ್ ಸೆಲ್ ಚುಚ್ಚಿದ್ರ ಮಾತು ಬರ್ತದ ಅಂತ ಒಬ್ಬಾಂವ ಹೇಳಿದ. ಒಂದು ಎಕರೆ ಮಾರಿದ್ರ ಆಗ್ತದ ಅಂತ ಲೆಕ್ಕನೂ ಹಾಕಿದ್ದೆ.

ಅಕ್ಕ: ಮಾರಬ್ಯಾಡ. ಆಟಿಸಂಗ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಾಗ ಹೇಳ್ಯದ. ಲಸಿಕೆಯಿಂದ ಬಂತು ಅನ್ನೋರೂ ಸಿಗ್ತಾರ. 1998ರಾಗ ಇಂಗ್ಲೆಂಡಿನಾಗ 12 ಮಕ್ಕಳ ಮ್ಯಾಲ ಬರದ ಲೇಖನದಿಂದ ಹುಟ್ಟಿದ ಮಾತು ಅದು. 2010ರಾಗ ಆ ಪತ್ರಿಕೆನೇ ಲೇಖನ ವಾಪಸ್ ತಗೊಂಡದ. ಡೆನ್ಮಾರ್ಕಿನಾಗ ಆರೂವರೆ ಲಕ್ಷ ಮಕ್ಕಳನ್ನ ನೋಡಿ ಸಂಬಂಧ ಇಲ್ಲ ಅಂತ 2019ರಾಗ ಹೇಳ್ಯಾರ.

ತಮ್ಮ: ಎಲ್ಲಾ ಹೇಳಿದಿ, ಮುಖ್ಯದ್ದು ಬಿಟ್ಟಿ. ಒಳಸಂಬಂಧ. ಅವ್ವ ಬಿಟ್ಟು ಊರಿನವರೆಲ್ಲಾ ಅದೇ ಹೇಳ್ತಾರ. ಡಾಕ್ಟರೂ ಮೊದಲ ಕೇಳಿದ್ದು ಅದೇ.

ಅಕ್ಕ: ಬಿಟ್ಟಿಲ್ಲ, ಅಂಜಿ ಹಿಂದಕ್ಕ ಇಟ್ಟಿದ್ದೆ. ಒಳಸಂಬಂಧ ಮಾಡೋದು ನೀ ಒಬ್ಬನೇ ಅಲ್ಲ. 1980ರ ದಶಕದಾಗ ಬೆಂಗಳೂರು, ಮೈಸೂರು ಆಸ್ಪತ್ರೆಗಳಾಗ ಹುಟ್ಟಿದ ಲಕ್ಷಕ್ಕೂ ಹೆಚ್ಚು ಕೂಸುಗಳ ದಾಖಲಿ ನೋಡಿದ್ರ, ನೂರರಾಗ 31 ಕೂಸುಗಳ ತಂದಿ-ತಾಯಿ ರಕ್ತಸಂಬಂಧಿಗಳು. ಅಕ್ಕನ ಮಗಳನ್ನ ಮಾಡಿಕೊಂಡೋರೂ ಅದರಾಗ ಭಾಳ. ನಮ್ಮ ಜಿಲ್ಲೆದಾಗ ನಾವು ಸೋದರಮಾವನ ಮಗಳು, ಅತ್ತಿ ಮಗಳು ಅಂತೀವಿ. ಮುಸಲ್ಮಾನರು ಕಾಕಾನ ಮಗಳನ್ನೂ ಮಾಡಿಕೊಳ್ತಾರ. ಹೊಲ ಒಡೀಬಾರದು, ಹುಡುಗಿ ಗೊತ್ತಿದ್ದ ಮನಿಗಿ ಹೋಗಲಿ, ವರದಕ್ಷಿಣೆ ಕಡಿಮಿ ಆಗಲಿ. ಕಾರಣ ಎಲ್ಲರಿಗೂ ಗೊತ್ತಿದ್ದವೇ.

ತಮ್ಮ: ಅದರಿಂದ ಆಟಿಸಂ ಬರ್ತದೋ ಇಲ್ಲೋ?

ಅಕ್ಕ: ಹಿಂಗ ತಿಳಕೋ. ಪ್ರತಿ ಜೀನಿಗೂ ಎರಡು ಪ್ರತಿ ಇರ್ತಾವ, ತಂದಿದೊಂದು, ತಾಯಿದೊಂದು. ಕೆಲವು ಜೀನಿನಾಗ ಒಂದು ಕೆಟ್ರೂ ಇನ್ನೊಂದು ಕೆಲಸ ನಡೆಸ್ತದ. ನನ್ನಾಗ, ನಿನ್ನಾಗ, ಎಲ್ಲರಾಗೂ ಹಿಂಥಾ ಕೆಟ್ಟ ಒಂಟಿ ಪ್ರತಿ ಹಲವು ಅವ, ನಮಗ ಗೊತ್ತೇ ಆಗಲ್ಲ. ಸೋದರ ಸಂಬಂಧಿಗಳು ಮದುವಿಯಾದ್ರ ಇಬ್ಬರಿಗೂ ಒಂದೇ ಅಜ್ಜ-ಅಜ್ಜಿಯಿಂದ ಅದೇ ಕೆಟ್ಟ ಪ್ರತಿ ಬಂದಿರೋ ಸಾಧ್ಯತೆ ಹೆಚ್ಚು. ಕೂಸಿಗಿ ಎರಡೂ ಕೆಟ್ಟದ್ದೇ ಸಿಕ್ರ ಕಾಯಿಲೆ ಕಾಣ್ತದ. ಹಿಂಥಾ ದಾರಿಯಿಂದ ಆಟಿಸಂ ಬಂದ ಮನಿಗಳನ್ನ ನೋಡ್ಯಾರ. 2008ರಾಗ ಕ್ರಿಸ್ಟೋಫರ್ ವಾಲ್ಶ್ ಅವರ ತಂಡ ಅರಬ್ ದೇಶಗಳು, ಟರ್ಕಿ, ಪಾಕಿಸ್ತಾನದ ಒಳಸಂಬಂಧದ ಕುಟುಂಬಗಳಾಗ ಹಂಥಾ ಜೀನುಗಳನ್ನ ಹುಡುಕಿತು. 2015ರಾಗ ಹೈದರಾಬಾದಿನ ಸಂಶೋಧಕರೂ ನಮ್ಮ ದೇಶದ ಮಕ್ಕಳನ್ನ ನೋಡಿ, ಆಟಿಸಂ ಇದ್ದವರ ಮನಿಗಳಾಗ ರಕ್ತಸಂಬಂಧದ ಮದುವಿ ಹೆಚ್ಚು ಅಂತ ಬರದಾರ.

ತಮ್ಮ: ಅಂದ್ರ ಊರವರ ಮಾತು ಖರೆ.

ಅಕ್ಕ: ಅರ್ಧ ಖರೆ. ದೊಡ್ಡ ಹುಟ್ಟುಕಾಯಿಲೆ ಬರೋ ಸಾಧ್ಯತೆ ಯಾವ ಜೋಡಿಗಾದ್ರೂ ನೂರಕ್ಕ ಎರಡು-ಮೂರು ಇದ್ದೇ ಇರ್ತದ. ಸೋದರ ಸಂಬಂಧಿಗಳಿಗಿ ಅದರ ಮ್ಯಾಲ ಇನ್ನೆರಡು-ಮೂರು ಕೂಡ್ತದ. ಅಂದ್ರ ನೂರರಾಗ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಛಲೋ ಹುಟ್ತಾವ. ಅದಕ್ಕೇ ಹಳೇ ಮಂದಿ, ನಮ್ಮ ಬಳಗದಾಗ ಎಲ್ಲರೂ ಹಿಂಗೇ ಮಾಡಿಕೊಂಡಾರ ಏನೂ ಆಗಿಲ್ಲ ಅಂತಾರ. ಆಗಿಲ್ಲ ಅನ್ನೋದೂ ಪೂರ್ತಿ ಖರೆ ಅಲ್ಲ, ಒಳಸಂಬಂಧದಿಂದಲೇ ಆತು ಅನ್ನೋದೂ ಖರೆ ಅಲ್ಲ. ನಿಮ್ಮಿಬ್ಬರಿಗಿ ಸಂಬಂಧ ಅದ ಅಂದ ಮಾತ್ರಕ್ಕ ನಿಮ್ಮ ಮಗನ ಕಾರಣ ಅದೇ ಆಗಬೇಕಂತಿಲ್ಲ. ಅವನಿಗಿ ಹೊಸ ಬದಲಾವಣೆನೇ ಇರಬಹುದು.

ತಮ್ಮ: ಆದ್ರ ಎರಡೂ ಪ್ರತಿ ಕೆಟ್ಟದ್ದೇ ಆಗಿದ್ರ? ನಾವೇ ಮಾಡಿದಂಗಾತಲ್ಲ.

ಅಕ್ಕ: ಹಂಗಾಗಿದ್ರ ಅದನ್ನ ತಿಳಿಯೋದೇ ಒಂದು ದಾರಿ ಆಗಬಹುದು. 2012ರಾಗ ಟರ್ಕಿ, ಈಜಿಪ್ಟ್, ಲಿಬಿಯಾ ಮೂಲದ ಮೂರು ಒಳಸಂಬಂಧದ ಕುಟುಂಬಗಳಾಗ ಬಿಸಿಕೆಡಿಕೆ ಅನ್ನೋ ಜೀನು ಕೆಟ್ಟದ್ದು ಸಿಕ್ಕಿತು. ಮಕ್ಕಳಿಗಿ ಆಟಿಸಂ, ಫಿಟ್ಸ್ ಎರಡೂ ಇದ್ದವು, ನಿನ್ನ ಮಗನಂಗೇ. ಆ ಜೀನು ಕೆಟ್ರ ಪ್ರೋಟೀನಿನ ಕೆಲವು ಅಮೈನೋ ಆಮ್ಲ ಮೈಯಾಗ ಉಳಿಯಲ್ಲ, ಬಲು ಬೇಗ ಸುಟ್ಟುಹೋಗ್ತಾವ. ಅಂಥವರಿಗಿ ಅವೇ ಅಮೈನೋ ಆಮ್ಲ ಊಟದಾಗ ಹೆಚ್ಚು ಕೊಡೋ ಚಿಕಿತ್ಸೆ ಅದ. ಭಾಳ ಅಪರೂಪದ್ದು, ನಿನ್ನ ಮಗನಿಗಿ ಅದೇ ಅದ ಅಂತಲ್ಲ. ಒಂದು ಮಾತು ತಿಳಿ: ಇಬ್ಬರ ಕಡಿಯಿಂದಲೂ ಬಂದ ಕಾರಣಗಳೊಳಗೇ, ಚಿಕಿತ್ಸೆ ಇರೋವು ಕೆಲವು ಅವ. ನಾಚಿಕಿಪಟ್ಟು ಮುಚ್ಚಿಟ್ರ ಆ ದಾರಿನೂ ಮುಚ್ಚತದ.

ತಮ್ಮ: ಹಂಗಾದ್ರ ಟೆಸ್ಟ್ ಮಾಡಿಸು ಅಂತಿ.

ಅಕ್ಕ: ಅಂತೀನಿ, ಆದ್ರ ಏನು ಸಿಗ್ತದ ಏನು ಸಿಗಲ್ಲ ಅಂತ ತಿಳಕೊಂಡು. ಆಟಿಸಂ ಇದ್ದ ಮಕ್ಕಳ ನೂರು ಮನಿಯೊಳಗ ಸುಮಾರು ಹತ್ತರಿಂದ ಇಪ್ಪತ್ತು ಮನಿಗಿ ಮಾತ್ರ ಖಚಿತ ಕಾರಣ ಸಿಗ್ತದ. ಫಿಟ್ಸ್, ಬೆಳವಣಿಗೆ ನಿಧಾನ ಕೂಡಿದ್ರ ಇನ್ನಷ್ಟು. ಉಳಿದವರಿಗಿ ಏನೂ ಸಿಗಲಿಲ್ಲ ಅಂತ ಬರ್ತದ. ಇಲ್ಲಾ, ಬದಲಾವಣೆ ಕಂಡದ, ಆದ್ರ ಅದರ ಅರ್ಥ ಗೊತ್ತಿಲ್ಲ ಅಂತ ಬರ್ತದ.

ತಮ್ಮ: ರೊಕ್ಕ ಕೊಟ್ಟು ಗೊತ್ತಿಲ್ಲ ಅನ್ನಿಸಿಕೊಳ್ಳೋದೇನು?

ಅಕ್ಕ: ಅದಕ್ಕೂ ಕಾರಣ ಅದ. ಒಂದು ಬದಲಾವಣೆ ಕೆಟ್ಟದ್ದೋ, ನಮ್ಮ ಜನರಾಗ ಎಲ್ಲರಿಗೂ ಇರೋ ಸಾದಾ ವ್ಯತ್ಯಾಸನೋ ಅಂತ ತಿಳಿಬೇಕಾದ್ರ ಆರೋಗ್ಯವಂತರ ಡಿಎನ್‌ಎ ದಾಖಲಿ ಬೇಕು. ಜಗತ್ತಿನ ಈ ದಾಖಲಿಗಳಾಗ ಹೆಚ್ಚಿನವರು ಯುರೋಪ್ ಮೂಲದವರು. ಅದಕ್ಕೇ ನಮ್ಮ ಮಕ್ಕಳ ರಿಪೋರ್ಟಿನಾಗ ಗೊತ್ತಿಲ್ಲ ಅನ್ನೋ ಸಾಲು ಹೆಚ್ಚು. ಅದನ್ನ ಸರಿ ಮಾಡಲಿಕ್ಕೇ ಜೀನೋಮ್ ಇಂಡಿಯಾ ಯೋಜನೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಾಗ ಇರೋ ಮಿದುಳು ಸಂಶೋಧನಾ ಕೇಂದ್ರ ಅದರ ಮುಂದಾಳು. ದೇಶದ 83 ಸಮುದಾಯಗಳ ಸುಮಾರು 10,000 ಜನರ ಪೂರ್ತಿ ಜೀನೋಮ್ ದಾಖಲಿ 2025ರ ಜನವರಿಯಾಗ ಸಂಶೋಧಕರಿಗಿ ತೆರೆದಾರ. ಇವತ್ತು ಗೊತ್ತಿಲ್ಲ ಅಂದ ರಿಪೋರ್ಟನ್ನ ಎರಡು-ಮೂರು ವರ್ಷ ಬಿಟ್ಟು ಮತ್ತ ಓದಿಸಬಹುದು. ಹೊಸದಾಗಿ ರಕ್ತ ಕೊಡೋದು ಬೇಕಾಗಲ್ಲ. ಫೈಲ್ ಜೋಪಾನ ಇಟ್ಟುಕೋ.

ತಮ್ಮ: ಸಿಕ್ರ ಏನು ಲಾಭ, ಅದನ್ನ ಹೇಳು.

ಅಕ್ಕ: ನಿನ್ನ ಮಟ್ಟಿಗಿ ಎರಡು. ಮೊದಲನೇದ್ದು ಫಿಟ್ಸ್. ಎಸ್‌ಸಿಎನ್2ಎ ಅಂದೆನಲ್ಲ, ಅದು ನರಕೋಶದೊಳಗ ಸೋಡಿಯಂ ಹೋಗೋ ಬಾಗಲು ಮಾಡೋ ಜೀನು. ಆ ಬಾಗಲು ಹೆಚ್ಚು ತೆರೆಯೋ ಬದಲಾವಣೆ ಇದ್ರ ಹುಟ್ಟಿದ ಹೊಸ್ತರಾಗೇ ಫಿಟ್ಸ್ ಬರ್ತಾವ, ಸೋಡಿಯಂ ತಡೆಯೋ ಔಷಧ ಕೆಲಸ ಮಾಡ್ತಾವ. ಬಾಗಲು ಕೆಲಸನೇ ಮಾಡದಂಥ ಬದಲಾವಣೆ ಇದ್ರ ಆಟಿಸಂ ಮುಂದ ಕಾಣ್ತದ, ಫಿಟ್ಸ್ ತಡವಾಗಿ ಬರ್ತಾವ, ಅವೇ ಔಷಧ ಕೊಟ್ರ ಕೆಲವರಿಗಿ ಹೆಚ್ಚೇ ಆಗಬಹುದು. ಜೀನು ಒಂದೇ, ಗುಳಿಗಿ ತದ್ವಿರುದ್ಧ. ಯಾವ ಗುಳಿಗಿ ಅಂತ ಆರಿಸಲಿಕ್ಕ ಡಾಕ್ಟರಿಗಿ ಆ ಹೆಸರು ಬೇಕಾಗ್ತದ. ಹಂಗಂತ ರಿಪೋರ್ಟ್ ಬರೋತನ ಈಗ ಕೊಟ್ಟ ಫಿಟ್ಸ್ ಗುಳಿಗಿ ನೀನಾಗೇ ನಿಲ್ಲಿಸಬ್ಯಾಡ.

ತಮ್ಮ: ಎರಡನೇದ್ದು?

ಅಕ್ಕ: ಇನ್ನೊಂದು ಕೂಸು ಬೇಕಂತ ಇಬ್ಬರಿಗೂ ಅದಲ್ಲ. ಕಾರಣ ಸಿಗದೆ ಇದ್ರ, ಆಟಿಸಂ ಇರೋ ಕೂಸಿನ ತಮ್ಮ-ತಂಗಿಗಿ ಬರೋ ಸಾಧ್ಯತೆ ಸುಮಾರು ಐದಕ್ಕ ಒಂದು. ಹೊಸ ಬದಲಾವಣೆ ಅಂತ ಖಾತ್ರಿಯಾದ್ರ ಅದೇ ಕಾರಣ ಮತ್ತ ಬರೋದು ನೂರಕ್ಕ ಒಂದರ ಆಸುಪಾಸು. ಎರಡೂ ಪ್ರತಿ ಕೆಟ್ಟದ್ದು ಅಂತ ಬಂದ್ರ ನಾಕಕ್ಕ ಒಂದು, ಪ್ರತಿ ಬಸಿರಿಗೂ. ಮೂರು ಉತ್ತರಕ್ಕೂ ಮೂರು ಬ್ಯಾರೆ ಜೀವನ. ಯಾರ ಕಡಿ ಅನ್ನೋ ಪ್ರಶ್ನೆಕ್ಕ ಇದರಾಗ ಒಂದು ಕೆಲಸನೂ ಇಲ್ಲ ನೋಡು.

ತಮ್ಮ: ಎಲ್ಲಿ ಮಾಡಿಸೋದು? ಬೆಂಗಳೂರಿಗಿ ಹೋಗಬೇಕೇನು?

ಅಕ್ಕ: ರಕ್ತ ಇಲ್ಲಿಂದಲೂ ಕಳಿಸ್ತಾರ. ಆದ್ರ ರಿಪೋರ್ಟ್ ಓದಿ ಹೇಳೋರು ಬೇಕು, ಅದೇ ಮುಖ್ಯ. ಕಲಬುರಗಿಗಿ ಬೆಂಗಳೂರಕ್ಕಿಂತ ಹೈದರಾಬಾದ್ ಹತ್ರ. ಅಲ್ಲಿ ನಿಜಾಮ್ಸ್ ಇನ್‌ಸ್ಟಿಟ್ಯೂಟಿನಾಗ ಜೆನೆಟಿಕ್ಸ್ ವಿಭಾಗ ಅದ. ಬೆಂಗಳೂರಿನಾಗ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ನಿಮ್ಹಾನ್ಸ್ ಅವ. ಟೆಸ್ಟಿಗಿಂತ ಮುಂಚೆನೇ ಅವರ ಕೂಡ ಕೂತು ಮಾತಾಡ್ರಿ. ನಿಮ್ಮಿಬ್ಬರ ರಕ್ತನೂ ಕೂಸಿನ ರಕ್ತದ ಕೂಡ ಕೊಟ್ರ ಹೊಸದೋ ಹಳೇದೋ ಅಂತ ಸ್ಪಷ್ಟ ಆಗ್ತದ. ಇದೆಲ್ಲಾ ಆಗೋತನ ಕಾಯಬ್ಯಾಡ. ಮಾತಿನ ತರಬೇತಿ, ಆಟದ ಮೂಲಕ ಕಲಿಸೋದು ನಾಳೆಯಿಂದಲೇ ಶುರುವಾಗಲಿ. ಕಾರಣ ಯಾವುದೇ ಇರಲಿ, ಅದು ಬೇಕೇ ಬೇಕು.

ತಮ್ಮ: ಕಮಲಾಪುರದಿಂದ ದಿನಾ ಹೆಂಗ ಬರೋದು? ತೋಟ ಯಾರು ನೋಡಬೇಕು?

ಅಕ್ಕ: ದಿನಾ ಬ್ಯಾಡ. ಇಲ್ಲಿ ಜಿಲ್ಲಾ ಮಟ್ಟದಾಗ ಮಕ್ಕಳ ಬೆಳವಣಿಗೆ ನೋಡೋ ಸರ್ಕಾರಿ ಕೇಂದ್ರದಾಗ ಮೊದಲ ತೋರಿಸು. ಅಂಗನವಾಡಿ, ಸಾಲಿಗಿ ಮಕ್ಕಳ ತಪಾಸಣೆಗಿ ಬರೋ ಸರ್ಕಾರಿ ಆರ್‌ಬಿಎಸ್‌ಕೆ ಡಾಕ್ಟರೇ ಚೀಟಿ ಕೊಡ್ತಾರ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಫೋನಿನ ಮೂಲಕನೂ ತರಬೇತಿ ಕೊಡ್ತದ. ಕೂಸಿನ ಕೂಡ ದಿನಪೂರ್ತಿ ಇರೋರು ನೀವು, ಕಲಿಯಬೇಕಾದೋರು ನೀವಿಬ್ಬರು. ಆಟಿಸಂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಾಗ ಅದ. ಯುಡಿಐಡಿ ಅನ್ನೋ ವಿಕಲಚೇತನರ ಗುರುತಿನ ಕಾರ್ಡ್ ಮಾಡಿಸು. ರಾಷ್ಟ್ರೀಯ ಟ್ರಸ್ಟಿನ ನಿರಾಮಯ ವಿಮೆಯಾಗ ವರ್ಷಕ್ಕ ಒಂದು ಲಕ್ಷದತನ ಖರ್ಚು ಸಿಗ್ತದ, ಥೆರಪಿಗೂ ಅದರಾಗ ಪಾಲದ.

ತಮ್ಮ: ಸರಿ. ಹಂಗಾದ್ರ ಸೋಮವಾರ ರಕ್ತ ಕೊಟ್ಟುಬಿಡ್ತೀನಿ.

ಅಕ್ಕ: ಆಕಿಗಿ ಕೇಳಿದೇನು?

ತಮ್ಮ: ಆಕಿಗಿ ಏನು ಕೇಳೋದು? ಕೂಸಿಗಿ ಛಲೋ ಆಗೋದಿದ್ರ ಬ್ಯಾಡ ಅಂತಾಳೇನು?

ಅಕ್ಕ: ಆಕಿ ರಕ್ತನೂ ಕೊಡಬೇಕು, ಆಕಿ ಹೆಸರೂ ರಿಪೋರ್ಟಿನಾಗ ಬರ್ತದ. ಈ ಕಾಗದ ನಿಮ್ಮ ಮೂವರದು ಅಷ್ಟೇ ಅಲ್ಲ. ಆಕಿ ತಂಗಿಗಿ ಇನ್ನೂ ಮದುವಿ ಆಗಬೇಕು. ನನ್ನ ಮಗಳಿಗೂ ಆಗಬೇಕು. ಒಂದು ಹಾಳಿ ಮ್ಯಾಲ ಒಂದು ಜೀನಿನ ಹೆಸರು ಬಂದ್ರ, ಅದು ಏನು ಅಂತ ತಿಳಿಯೋಕಿಂತ ಮುಂಚೆ ಬಳಗದಾಗ ಸುದ್ದಿ ಹಬ್ಬತದ, ಆ ಮನಿ ಹುಡುಗಿ ಬ್ಯಾಡ ಅಂತ. ಯಾರಿಗಿ ಹೇಳಬೇಕು, ಯಾರಿಗಿ ಬ್ಯಾಡ ಅಂತ ನೀವಿಬ್ಬರು ಮೊದಲೇ ಕೂತು ಮಾತಾಡ್ರಿ. ಹೇಳಲೇಬೇಕಾದೋರಿಗಿ, ಅಂದ್ರ ಮುಂದ ಅದೇ ಬಳಗದಾಗ ಸಂಬಂಧ ಮಾಡೋರಿಗಿ, ಮುಚ್ಚಿಡೋದೂ ತಪ್ಪು. ಅದನ್ನ ಹೆಂಗ ಹೇಳೋದು ಅಂತ ಕೌನ್ಸೆಲಿಂಗ್‌ನಾಗ ಕೇಳ್ರಿ.

ತಮ್ಮ: ಖರೆ ಹೇಳಬೇಕಂದ್ರ, ಇಷ್ಟು ದಿನ ಆಕಿ ಒಮ್ಮೆನೂ ಯಾರ ಕಡಿ ಅಂತ ಕೇಳಿಲ್ಲ. ಮಾತು ಬರ್ತದೋ ಇಲ್ಲೋ ಅಷ್ಟೇ ಕೇಳ್ತಾಳ.

ಅಕ್ಕ: ಆ ಪ್ರಶ್ನೆಕ್ಕ ಜೀನಿನ ರಿಪೋರ್ಟ್ ಪೂರ್ತಿ ಉತ್ತರ ಕೊಡಲ್ಲ. ಒಂದೇ ಬದಲಾವಣೆ ಇರೋ ಇಬ್ಬರು ಮಕ್ಕಳಾಗ ಒಬ್ಬ ಮಾತಾಡ್ತಾನ, ಒಬ್ಬ ಚಿತ್ರ ತೋರಿಸಿ ಬೇಕಾದ್ದು ಕೇಳ್ತಾನ. ಆದ್ರ ಕೇಳಬೇಕಾದ ಪ್ರಶ್ನೆ ಆಕಿದೇ. ಇವತ್ತು ಮನಿಗಿ ಹೋಗಿ ಆಕಿಗಿ ಎಲ್ಲಾ ಹೇಳು. ಸೋಮವಾರ ಇಬ್ಬರೂ ಕೂಡಿ ಬರ್ರಿ, ಕೂಸನ್ನೂ ಕರ್ಕೊಂಡು.

ತಮ್ಮ: ಅವ್ವಗ ಏನು ಹೇಳಲಿ?

ಅಕ್ಕ: ಅವ್ವಗ ನಾ ಹೇಳ್ತೀನಿ. ಕಂದಿನ ಮಾತಿನಿಂದ ಶುರು ಮಾಡಲ್ಲ, ಆಕಿ ತವರುಮನಿಯಿಂದ ಶುರು ಮಾಡ್ತೀನಿ. ಅಷ್ಟಾದ ಮ್ಯಾಲ ಯಾರ ಕಡಿ ಅಂತ ಆಕಿನೇ ಕೇಳೋದು ಬಿಡ್ತಾಳ.